ಆ ಡಬ್ಬಿಯನ್ನು ಇವತ್ತೇ ಬಿಚ್ಚಿ, ದಯವಿಟ್ಟು

ಭರಮಸಾಗರದ ಗೆಳೆಯರೇ, ಕಾರಿನ ಗೇರ್ ಹಿಂದಿನ ಖಾನೆಗೆ ನೀವೇ ಮಾಡಿದ ಫೋನ್ ಚಾರ್ಜಿಂಗ್ ಡಬ್ಬಿಯ ಫೋಟೋ ನೋಡಿದೆ. ಕೈಕೆಲಸ ಚೆನ್ನಾಗಿದೆ, ರೆಕ್ಸಿನ್ ಮೂಲೆ ಮಡಚಿರುವ ರೀತಿ ನೋಡಿ ಖುಷಿಯಾಯಿತು. ಆದರೆ 6 ಎಂಎಂ ಪ್ಲೈವುಡ್ ಕೆಳಗೆ ವೈರ್‌ಲೆಸ್ ಪ್ಯಾಡ್ (ತಂತಿಯಿಲ್ಲದೆ ಫೋನ್ ಚಾರ್ಜ್ ಮಾಡುವ ಬಿಲ್ಲೆ) ಇಟ್ಟಿದ್ದೀರಿ. ಅದರ ಸುತ್ತ ಸ್ಪಂಜ್ ತುಂಬಿ, ಎಲ್ಲವನ್ನೂ ಗ್ಲೂ ಗನ್‌ನಲ್ಲಿ ಅಂಟಿಸಿದ್ದೀರಿ. ಕರೆಂಟಿಗೆ ಕಾರಿನ ಸಿಗರೇಟ್ ಲೈಟರ್ ಸಾಕೆಟ್ ಹಿಂದಿನ ವೈರ್ ಸುಲಿದು ಟೇಪ್ ಸುತ್ತಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ, ಹೆಚ್ಚುಕಡಿಮೆ ಇದೇ ಅಳತೆಯಲ್ಲಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಚಾರ್ಜ್ ನಿಧಾನ, ಫೋನ್ ಕಾದ ಹಂಚಿನ ಹಾಗೆ ಆಗುತ್ತದೆ, ಪ್ಯಾಡ್ ಬದಲಿಸಲಾ ಅಂತ ಕೇಳಿದ್ದೀರಿ. ಬದಲಿಸಬೇಡಿ. ಪ್ಯಾಡಿನದ್ದು ಏನೂ ತಪ್ಪಿಲ್ಲ.

ಮೊದಲು ವೈರ್ ವಿಷಯ, ಯಾಕೆಂದರೆ ಅದು ಕಾಯುವಂಥದ್ದಲ್ಲ. ಲೈಟರ್ ಸಾಕೆಟ್‌ಗೆ ಕಾರಿನಲ್ಲೇ 15 ಅಥವಾ 20 ಆಂಪ್ಸ್ ಫ್ಯೂಸ್ ಇದೆಯಲ್ಲ, ಮತ್ತೇನು ಭಯ ಅಂತ ನಿಮ್ಮ ಫೋಟೋ ಕೆಳಗೆ ಒಬ್ಬರು ಧೈರ್ಯ ಹೇಳಿದ್ದಾರೆ. ಆ ಫ್ಯೂಸ್ ಕಾಪಾಡುವುದು ಕಂಪನಿಯ ದಪ್ಪ ವೈರನ್ನು. ನೀವು ಸೇರಿಸಿರುವ ನೂಲಿನಂಥ ವೈರನ್ನಲ್ಲ. ನಿಮ್ಮ ವೈರ್ ಎಲ್ಲೋ ಉಜ್ಜಿ ಕಾರಿನ ಮೈಯ ತಗಡಿಗೆ ತಾಗಿತು ಅಂದುಕೊಳ್ಳಿ. ಫ್ಯೂಸ್ ಹೋಗುವ ಮೊದಲೇ ವೈರ್ ಕೆಂಪಗೆ ಕಾಯಬಹುದು. ಪಕ್ಕದಲ್ಲೇ ಸ್ಪಂಜ್ ಇದೆ, ರೆಕ್ಸಿನ್ ಇದೆ. ಯೋಚನೆ ಮಾಡಿ. ಜೊತೆಗೆ ಕಪ್ಪು ಟೇಪಿನ ಅಂಟು ನಮ್ಮ ಬೇಸಿಗೆಗೆ ಕರಗಿ ಜಾರುತ್ತದೆ. ಎರಡು ಬೇಸಿಗೆ ಕಳೆದ ಮೇಲೆ ಬಿಚ್ಚಿ ನೋಡಿದವರಿಗೆ ಗೊತ್ತು.

ಸುಮ್ನೆ ಸಾಕೆಟ್‌ಗೆ ಚುಚ್ಚುವ ಚಾರ್ಜರನ್ನೇ ಬಳಸಿ. ವಾರಂಟಿ ಇರುವ ಗಾಡಿಯಲ್ಲಿ ವೈರ್ ಕತ್ತರಿಸಿ ಯಾಕೆ ತಲೆನೋವು? ಕಣ್ಣಿಗೆ ಕಾಣದ ಹಾಗೆ ಇರಲೇಬೇಕು ಅಂದರೆ ಫ್ಯೂಸ್ ಟ್ಯಾಪ್ (ಫ್ಯೂಸ್ ಜಾಗಕ್ಕೆ ಚುಚ್ಚಿ ಇನ್ನೊಂದು ವೈರಿಗೆ ಕರೆಂಟ್ ತೆಗೆಯುವ ತುಂಡು) ತನ್ನಿ, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿಗೆ ಹಾಕಿ, 5 ಆಂಪ್ಸ್ ಫ್ಯೂಸ್ ಇಡಿ. 20 ವ್ಯಾಟ್ ಚಾರ್ಜರ್ 12 ವೋಲ್ಟ್‌ನಲ್ಲಿ ಎಳೆಯುವುದು 2 ಆಂಪ್ಸ್ ಒಳಗೇ, ಹಾಗಾಗಿ 5 ಧಾರಾಳವಾಯಿತು. ವೈರ್ 1 ಸ್ಕ್ವೇರ್ ಎಂಎಂ, ನಾನು ಫಿನೋಲೆಕ್ಸ್ ಹಾಕುತ್ತೇನೆ. ಜಾಯಿಂಟ್‌ಗೆ ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿಟ್ಟು ಇಕ್ಕಳದಿಂದ ಅದುಮಿ), ಮೇಲೆ ಹೀಟ್ ಶ್ರಿಂಕ್, ಅಂದರೆ ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ ಹಾಕಿ. ಏರ್‌ಬ್ಯಾಗ್, ಬ್ರೇಕ್ ಸಂಬಂಧದ ಫ್ಯೂಸ್ ಜಾಗಕ್ಕೆ ಮಾತ್ರ ಕೈ ಹಾಕಲೇಬೇಡಿ. ಯಾವುದು ಯಾವುದು ಅಂತ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಸದಾ ಕರೆಂಟ್ ಇರುವ ಲೈನೂ ಬೇಡ. ಸುಮ್ಮನಿರುವ ಚಾರ್ಜರ್ 20 ಮಿಲಿ ಆಂಪ್ಸ್ ಎಳೆದರೂ ದಿನಕ್ಕೆ ಸುಮಾರು ಅರ್ಧ ಆಂಪಿಯರ್ ಅವರ್ ಹೋಯಿತು. ಮೂರು ವಾರ ಗಾಡಿ ನಿಲ್ಲಿಸಿ ಊರಿಗೆ ಹೋದರೆ 35 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 10 ಖಾಲಿ. ಬ್ಯಾಟರಿ ಹಳೆಯದಾಗಿದ್ದರೆ ಸ್ಟಾರ್ಟ್ ಆಗುವುದಿಲ್ಲ.

ಈಗ ಬಿಸಿಯ ವಿಷಯ. ನನ್ನ ಡಬ್ಬಿ ಮಳೆಗಾಲ, ಚಳಿಗಾಲ ಎರಡನ್ನೂ ಚೆನ್ನಾಗಿ ಕಳೆಯಿತು. ನೋಡಿದವರೆಲ್ಲ ಹೊಗಳಿದರು. ಏಪ್ರಿಲ್‌ನಲ್ಲಿ ಚಿತ್ರದುರ್ಗದಲ್ಲಿ ಒಂದು ಮದುವೆ. ಛತ್ರದ ಮುಂದೆ ನೆರಳಿಲ್ಲ, ಗಾಡಿ ಮೂರು ಗಂಟೆ ಬಿಸಿಲಲ್ಲಿ ನಿಂತಿತ್ತು. ಊಟ ಮುಗಿಸಿ ಹೊರಟೆವು. ಫೋನ್ ಇಟ್ಟೆ, ಚಾರ್ಜ್ ಗುರುತು ಬಂತು, ಹೋಯಿತು, ಬಂತು, ಹೋಯಿತು. ಫೋನ್ ಸರಿಯಾಗಿ ಕೂತಿಲ್ಲ ಅಂದುಕೊಂಡು ದಾರಿಯುದ್ದಕ್ಕೂ ಒತ್ತುತ್ತಾ ಬಂದೆ. ಹೆಬ್ಬಾಳು ಟೋಲ್ ಹತ್ತಿರ ಫೋನ್ ಎತ್ತಿದರೆ ಕೈಯಲ್ಲಿ ಹಿಡಿಯಲಾಗಲಿಲ್ಲ. ತಣ್ಣಗಾಗುವವರೆಗೆ ಬಳಸಬೇಡಿ ಅಂತ ಪರದೆಯ ಮೇಲೆ ಎಚ್ಚರಿಕೆ ಬಂದಿತ್ತು.

ಮನೆಗೆ ಬಂದು ಡಬ್ಬಿ ಬಿಚ್ಚಿದಾಗ ಕಾರಣ ಗೊತ್ತಾಯಿತು. ಗ್ಲೂ ಗನ್ ಅಂಟು 60, 70 ಡಿಗ್ರಿಗೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯಲ್ಲಿ, ಕೆಳಗೆ ಪ್ಯಾಡಿನ ಬಿಸಿಯೂ ಸೇರಿದರೆ, ಅಷ್ಟು ಆಗಿಯೇ ಆಗುತ್ತದೆ. ಪ್ಯಾಡ್ ಒಂದು ಬೆರಳಗಲ ಪಕ್ಕಕ್ಕೆ ಜಾರಿತ್ತು. ಪ್ಯಾಡಿನ ಸುರುಳಿ, ಫೋನಿನ ಸುರುಳಿ ಒಂದರ ಮೇಲೊಂದು ಕೂರದಿದ್ದರೆ ಹೋಗುವ ಶಕ್ತಿಯಲ್ಲಿ ಜಾಸ್ತಿ ಪಾಲು ಬಿಸಿಯಾಗಿ ಕಳೆದುಹೋಗುತ್ತದೆ. ನಡುವೆ 6 ಎಂಎಂ ಹಲಗೆ, ಮೇಲೆ ರೆಕ್ಸಿನ್, ಆಮೇಲೆ ಫೋನಿನ ಕವರ್. ಇಷ್ಟು ದೂರವನ್ನು ಪ್ಯಾಡ್ ಹೇಗೋ ಎಳೆಯುತ್ತದೆ, ಆದರೆ ಬಿಸಿಯಾಗಿಯೇ ಎಳೆಯುತ್ತದೆ. ಆ ಬಿಸಿ ಹೊರಗೆ ಹೋಗದ ಹಾಗೆ ನಾನೇ ಸ್ಪಂಜ್ ತುಂಬಿದ್ದೆ. ಆ ಬೇಸಿಗೆ ಮುಗಿಯುವಷ್ಟರಲ್ಲಿ ಫೋನಿನ ಹಿಂದಿನ ಗಾಜು ಅಂಚಿನಲ್ಲಿ ಎದ್ದಿತು. ಒಳಗೆ ಬ್ಯಾಟರಿ ಉಬ್ಬಿತ್ತು. ಅದೃಷ್ಟಕ್ಕೆ ಅಷ್ಟಕ್ಕೇ ಮುಗಿಯಿತು. ನಿಮ್ಮ ಫೋನನ್ನೂ ಒಮ್ಮೆ ಟೇಬಲ್ ಮೇಲೆ ಮಲಗಿಸಿ ನೋಡಿ. ಅಲುಗಾಡಿದರೆ, ಅಂಚು ಎದ್ದಿದ್ದರೆ ಚಾರ್ಜಿಗೆ ಹಾಕದೆ ನೇರವಾಗಿ ರಿಪೇರಿಗೆ ಕೊಡಿ.

ಈಗ ನಾನು ಬಳಸುವುದು ಕಪ್ ಇಡುವ ಗುಂಡಿಯಲ್ಲಿ ಕೂರುವ ಪಿವಿಸಿ ಪೈಪಿನ ಸ್ಟ್ಯಾಂಡ್. ಮೂರು ಬೇಸಿಗೆ ಆಯಿತು, ಒಂದು ದೂರಿಲ್ಲ. ಕಪ್ ಇಡುವ ಗುಂಡಿ ಎಷ್ಟೋ ಗಾಡಿಗಳಲ್ಲಿ 70ರಿಂದ 80 ಎಂಎಂ ಇರುತ್ತದೆ. 75 ಎಂಎಂ ಪೈಪ್ ತುಂಡು ಪಂಪ್‌ಸೆಟ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಒಂದು ಗೇಣು ಸಾಕು. ಗುಂಡಿ ದೊಡ್ಡದಾದರೆ ಹಳೆ ಸೈಕಲ್ ಟ್ಯೂಬನ್ನು ಬಳೆಯ ಹಾಗೆ ಕತ್ತರಿಸಿ ಎರಡು ಮೂರು ತೊಡಿಸಿ. ಗುಂಡಿ ಚಿಕ್ಕದಾದರೆ ಪೈಪನ್ನು ಉದ್ದಕ್ಕೂ ಸೀಳಿ ಒಂದು ಪಟ್ಟಿ ತೆಗೆಯಿರಿ. 75ನ್ನು 72ಕ್ಕೆ ಇಳಿಸಲು 10 ಎಂಎಂ ಪಟ್ಟಿ ತೆಗೆದರೆ ಸರಿಹೋಗುತ್ತದೆ. ಒತ್ತಿ ಇಳಿಸಿದರೆ ಪೈಪ್ ತಾನೇ ಬಿಚ್ಚಿಕೊಂಡು ಗುಂಡಿಯನ್ನು ಹಿಡಿದುಕೊಳ್ಳುತ್ತದೆ. ಅಂಟೂ ಬೇಡ, ಸ್ಕ್ರೂನೂ ಬೇಡ. ಗಾಡಿ ಮಾರುವಾಗ ಎಳೆದು ತೆಗೆದರೆ ಮುಗಿಯಿತು.

ಪೈಪಿನ ಮೇಲ್ತುದಿಯನ್ನು ಓರೆಯಾಗಿ ಕೊಯ್ಯಿರಿ, ಫೋನ್ ಸ್ವಲ್ಪ ಹಿಂದಕ್ಕೆ ಒರಗುವ ಹಾಗೆ. ಅದರ ಮೇಲೆ 3 ಎಂಎಂ ಅಕ್ರಿಲಿಕ್ ಹಲಗೆ. ಬೋರ್ಡ್ ಬರೆಯುವ ಅಂಗಡಿಗಳಲ್ಲಿ ಲೇಸರ್ ಕಟಿಂಗ್ ಮಾಡುವವರ ಹತ್ತಿರ ಚೂರು ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ. ಹಲಗೆಯಲ್ಲಿ ಪ್ಯಾಡಿನ ಅಳತೆಗೆ ಸರಿಯಾಗಿ ತೂತು ತೆಗೆಯಿಸಿ. ಪ್ಯಾಡಿನ ಮುಖ ಹಲಗೆಗೆ ಸಮ ಬರಬೇಕು, ಫೋನ್ ನೇರ ಪ್ಯಾಡಿಗೇ ತಾಗಬೇಕು. ನಡುವೆ ಏನೂ ಇರಬಾರದು. ಇಡೀ ಕೆಲಸದ ಜೀವ ಇದೇ. ಪ್ಯಾಡಿನ ಬೆನ್ನು ಪೈಪಿನ ಖಾಲಿ ಜಾಗಕ್ಕೆ ತೆರೆದಿರುತ್ತದೆ. ಪೈಪಿನ ಸುತ್ತ, ಗುಂಡಿಯ ಅಂಚಿಗಿಂತ ಮೇಲೆ, 8 ಎಂಎಂ ತೂತು ಏಳೆಂಟು ಕೊರೆಯಿರಿ. ಎಸಿ ಗಾಳಿ ಅಲ್ಲಿ ಆಡುತ್ತದೆ. ಪ್ಯಾಡನ್ನು ಅಂಟಿಸದೆ ಹಿಂದಿನಿಂದ ಎರಡು ಚಿಕ್ಕ ಪಟ್ಟಿ ಕೊಟ್ಟು ನೈಲಾನ್ ಸ್ಕ್ರೂನಲ್ಲಿ ಬಿಗಿಯಿರಿ. ಕಬ್ಬಿಣ, ತಗಡು ಪ್ಯಾಡಿನ ಹತ್ತಿರ ಸುಳಿಯಬಾರದು. ಆ ಕಾಂತಕ್ಷೇತ್ರಕ್ಕೆ ಲೋಹ ಸಿಕ್ಕಿದರೆ ಅದೇ ಕಾಯುತ್ತದೆ. ಹಿಂದೆ ಉಂಗುರ ಇರುವ ಕವರ್, ತಗಡು ಅಂಟಿಸಿದ ಕವರ್, ಎಟಿಎಂ ಕಾರ್ಡ್ ಇಡುವ ಕವರ್ ಯಾವುದೂ ಬೇಡ. ಟೋಲ್ ಚಿಲ್ಲರೆಯನ್ನು ಪ್ಯಾಡ್ ಮೇಲೆ ಹಾಕುವ ಅಭ್ಯಾಸ ಇದ್ದರೆ ಬಿಡಿ.

ಫೋನ್ ನಿಲ್ಲುವ ಕೆಳಗಿನ ತುಟಿಯನ್ನು, ಅಂದರೆ ಅಡ್ಡಪಟ್ಟಿಯನ್ನು, ಮೊದಲೇ ಅಂಟಿಸಬೇಡಿ. ಪ್ಯಾಡ್ ಆನ್ ಮಾಡಿ, ಫೋನನ್ನು ನಿಧಾನವಾಗಿ ಮೇಲೆ ಕೆಳಗೆ ಸರಿಸಿ. ಚಾರ್ಜ್ ಗುರುತು ಎಲ್ಲಿ ಬರುತ್ತದೆ, ಎಲ್ಲಿ ಹೋಗುತ್ತದೆ ಅಂತ ಪೆನ್ಸಿಲ್ ಗುರುತು ಹಾಕಿ. ಎರಡರ ನಡುಮಧ್ಯ ಬರುವ ಹಾಗೆ ತುಟಿ ಇಡಿ. ಮನೆಯವರ ಫೋನ್ ಅಳತೆ ಬೇರೆ ಇದ್ದರೆ ಒಂದು ರಬ್ಬರ್ ಚೂರು ಕೊಟ್ಟು ಎತ್ತರ ಹೊಂದಿಸಬಹುದು. ತುಟಿಗೆ ಅರಾಲ್ಡೈಟ್ ಒಳ್ಳೆಯದು, ಒಂದು ರಾತ್ರಿ ಬಿಡಿ. ಕ್ಷಣದಲ್ಲಿ ಅಂಟುವ ಗೋಂದು ಇಲ್ಲಿಗೆ ಬೇಡ. ಅದು ಗಡುಸು, ರಸ್ತೆ ಉಬ್ಬು ಹಾರಿಸಿದಾಗ ಚಟ್ ಅಂತ ಬಿಡುತ್ತದೆ.

ಹಲಗೆಯ ಆಕಾರಕ್ಕೆ ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡಿ. ದಪ್ಪ ಲಗ್ನಪತ್ರಿಕೆ ಇದಕ್ಕೆ ಬಹಳ ಒಳ್ಳೆಯದು, ಎಲ್ಲರ ಮನೆಯಲ್ಲೂ ಒಂದು ಕಟ್ಟು ಇರುತ್ತದೆ ಅಲ್ವಾ. ಕೂರಿಸಿ, ಗೇರನ್ನು ಐದೂ ಕಡೆಗೆ ಮತ್ತು ರಿವರ್ಸ್‌ಗೆ ಹಾಕಿ ನೋಡಿ. ಹ್ಯಾಂಡ್‌ಬ್ರೇಕ್ ಪೂರ್ತಿ ಎತ್ತಿ ನೋಡಿ. ಮೊಣಕೈ ತಾಗುತ್ತದಾ ನೋಡಿ. ನನಗೆ ಮೂರು ಪತ್ರಿಕೆ ಬೇಕಾಯಿತು.

ಪೈಪ್ ಬಗ್ಗಿಸಬೇಕಾದರೆ ಕುದಿಯುವ ನೀರಲ್ಲಿ ಅದ್ದಿ. ಗ್ಯಾಸ್ ಒಲೆ ಮೇಲೆ ಹಿಡಿಯಬೇಡಿ, ಪಿವಿಸಿ ಸುಟ್ಟ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ತ್ರೀಡಿ ಪ್ರಿಂಟ್ ಮಾಡಿಸುತ್ತೇನೆ ಅಂತ ಕೇಳಿದವರಿಗೂ ಇಲ್ಲೇ ಹೇಳುತ್ತೇನೆ. ಪ್ರಿಂಟಿಗೆ ಬಳಸುವ ಪ್ಲಾಸ್ಟಿಕ್‌ಗಳಲ್ಲಿ ಪಿಎಲ್‌ಎ ಬೇಡ, 60 ಡಿಗ್ರಿಗೆ ಬಾಗುತ್ತದೆ. ಪಿಇಟಿಜಿ ಸುಮಾರು 80 ತಡೆಯುತ್ತದೆ, ಎಬಿಎಸ್ 100ರ ಹತ್ತಿರ. ದಾವಣಗೆರೆ, ಚಿತ್ರದುರ್ಗದ ಬಿಸಿಲಿಗೆ ಇವೆರಡೇ.

ಪ್ಯಾಡಿಗೆ ಕೊಡುವ ಚಾರ್ಜರ್ ಬಗ್ಗೆ ಯಾರೂ ಮಾತಾಡಿಲ್ಲ. ಸ್ಟೀರಿಯೋದ ಯುಎಸ್‌ಬಿಗೆ ಪ್ಯಾಡ್ ಹಾಕಿ ನಿಧಾನ ಅನ್ನುವವರು ಬಹಳ. ಹಳೆ ಸ್ಟೀರಿಯೋ ಕೊಡುವುದು ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಮ್ಯಾಪ್ ಓಡುತ್ತಿದ್ದರೆ ಚಾರ್ಜ್ ಏರುವ ಬದಲು ಇಳಿಯುತ್ತದೆ. 15 ವ್ಯಾಟ್ ಪ್ಯಾಡಿಗೆ 9 ವೋಲ್ಟ್, 2 ಆಂಪ್ಸ್ ಕೊಡುವ ಪಿಡಿ (ಪವರ್ ಡೆಲಿವರಿ ಅನ್ನುವ ವೇಗದ ಚಾರ್ಜಿಂಗ್ ಪದ್ಧತಿಯ) ಚಾರ್ಜರ್ ಬೇಕು. ಈ ಅಂಕಿ ಚಾರ್ಜರಿನ ಮೈಮೇಲೆ ಮುದ್ರಿಸಿರದಿದ್ದರೆ ಕೊಳ್ಳಬೇಡಿ, ಎಷ್ಟೇ ಅಗ್ಗ ಇರಲಿ. ಒನ್‌ಪ್ಲಸ್, ಒಪ್ಪೊ ಫೋನಿನವರು ತಂತಿಯಲ್ಲಿ ಚಾರ್ಜ್ ಮಾಡುವಾಗಲೂ ಗಮನಿಸಿ. ಅವರ ವೇಗದ ಪದ್ಧತಿಯೇ ಬೇರೆ, ಸಾಮಾನ್ಯ ಪಿಡಿ ಚಾರ್ಜರಿನಲ್ಲಿ ಆ ವೇಗ ಬರುವುದಿಲ್ಲ. ಲಾರಿಯವರು ಇನ್ನೊಂದು ನೋಡಿಕೊಳ್ಳಿ. ನಿಮ್ಮದು 24 ವೋಲ್ಟ್. ಚಾರ್ಜರ್ ಮೇಲೆ 12-24 ಅಂತ ಇರಲೇಬೇಕು.

ನಿಜ ಹೇಳಬೇಕೆಂದರೆ ಬೇಸಿಗೆಯಲ್ಲಿ ದೂರದ ದಾರಿಗೆ ನಾನು ತಂತಿಯನ್ನೇ ಹಾಕುತ್ತೇನೆ, ಬಿಸಿ ಕಡಿಮೆ. ಅದೇ ಪೈಪಿನಲ್ಲಿ ಕೇಬಲ್ ಮೇಲೆ ಬರುವಂತೆ ಮಾಡಬಹುದು. ಆದರೆ ಪಿನ್ನನ್ನು ಗಟ್ಟಿಯಾಗಿ ಅಂಟಿಸಬೇಡಿ, ಒಂದೆರಡು ಎಂಎಂ ಆಡುವ ಹಾಗೆ ಬಿಡಿ. ಇಲ್ಲದಿದ್ದರೆ ಪ್ರತಿ ಉಬ್ಬಿಗೂ ಫೋನಿನ ತೂಕವೆಲ್ಲ ಪೋರ್ಟ್ ಮೇಲೆ ಬೀಳುತ್ತದೆ. ಮೆಕ್ಕೆಜೋಳದ ಕಾಲದಲ್ಲಿ ರಸ್ತೆಯುದ್ದಕ್ಕೂ ಧೂಳು ಇರುತ್ತದೆ, ಪೋರ್ಟ್ ತುಂಬಿಕೊಳ್ಳುತ್ತದೆ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ, ಪಿನ್ನು ಸೂಜಿ ಹಾಕಬೇಡಿ.

ಕೊನೆಯದು, ಆದರೆ ಸಣ್ಣದಲ್ಲ. ಈ ಜಾಗ ಚಾರ್ಜಿಗೆ ಮಾತ್ರ, ಮ್ಯಾಪ್ ನೋಡಲು ಅಲ್ಲ. ಕಣ್ಣು ತೀರಾ ಕೆಳಗೆ ಇಳಿಸಬೇಕಾಗುತ್ತದೆ. ಗಂಟೆಗೆ 80 ಕಿಲೋಮೀಟರ್‌ನಲ್ಲಿ ಹೋಗುವಾಗ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎರಡು ಸೆಕೆಂಡ್ ಕೆಳಗೆ ನೋಡಿದರೆ 44 ಮೀಟರ್ ಕುರುಡಾಗಿ ಹೋದ ಹಾಗೆ. ಹೈವೇಯಲ್ಲಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಎಷ್ಟು ಸಿಗುತ್ತವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 2020ರ ಅಕ್ಟೋಬರ್‌ನಿಂದ ನಿಯಮದಲ್ಲೂ ಗಾಡಿ ಓಡಿಸುವಾಗ ಫೋನ್ ಬಳಕೆ ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ತಪ್ಪದ ಹಾಗೆ. ದಾರಿಯನ್ನು ಧ್ವನಿಯಲ್ಲಿ ಕೇಳಿಸಿಕೊಳ್ಳಿ. ಜೋರಾಗಿ ಬ್ರೇಕ್ ಹಾಕಿದಾಗ ಫೋನ್ ಹಾರಿ ಪೆಡಲ್ ಕೆಳಗೆ ಹೋಗದ ಹಾಗೆ ತುಟಿಯ ಎರಡೂ ಬದಿಗೆ ಬೆರಳೆತ್ತರದ ಕಟ್ಟೆ ಕೊಡಿ. ಇದನ್ನು ಮರೆಯಲೇಬೇಡಿ.

ಇವತ್ತು ಸಂಜೆ ಟೇಪ್ ಬಿಚ್ಚಿ ಆ ವೈರ್ ತೆಗೆದುಬಿಡಿ, ಉಳಿದದ್ದು ನಿಧಾನವಾಗಿ ಮಾಡಬಹುದು. ನಿಮ್ಮ ಕಪ್ ಗುಂಡಿಯ ಮೇಲಿನ ಅಗಲ, ತಳದ ಅಗಲ, ಆಳ ಮೂರನ್ನೂ ಅಳೆದು ಇಲ್ಲೇ ಹಾಕಿ. 75ರ ಪೈಪ್ ನನ್ನ ಹತ್ತಿರ ಎರಡು ಅಡಿ ಉಳಿದಿದೆ. ಭಾನುವಾರ ದಾವಣಗೆರೆಯಿಂದ ದುರ್ಗಕ್ಕೆ ಹೋಗುವವನಿದ್ದೇನೆ. ಓರೆ ಕೊಯ್ದು ತಂದು ನಿಮ್ಮೂರ ಬಸ್ ನಿಲ್ದಾಣದ ಹತ್ತಿರ ಕೊಡುತ್ತೇನೆ.