ಮಂತ್ರಿಯಾದ ಮೇಲೆ ಮಿಲ್ ಯಾರ ಹೆಸರಿಗೆ?

ಪ್ರಶ್ನೆ: ನಮ್ಮ ಕಡೆ ತೊಗರಿ ಬೇಳೆ ಮಿಲ್ ಇರುವವರು ರಾಜಕೀಯಕ್ಕೂ ಬರುತ್ತಾರೆ. ಅಂಥವರು ಕೇಂದ್ರ ಮಂತ್ರಿಯಾಗಿ, ಅವರ ಮಿಲ್ ಸರ್ಕಾರಕ್ಕೇ ಬೇಳೆ ಪೂರೈಸಬಹುದೇ? ನಮಗೆ ಗೊತ್ತಾಗುವುದು ಹೇಗೆ?
– ಓದುಗರೊಬ್ಬರು, ಸೇಡಂ, ಕಲಬುರಗಿ ಜಿಲ್ಲೆ

ಉತ್ತರ: ಮಂತ್ರಿಗಳ ನೀತಿ ಸಂಹಿತೆಯಂತೆ, ಯಾವುದೇ ವ್ಯವಹಾರವಿದ್ದರೂ ಅದರ ಉಸ್ತುವಾರಿ ಬಿಡಬೇಕು. ಸರ್ಕಾರಕ್ಕೆ ಮಾಲು ಕೊಡುವ ಮಿಲ್ ಆದರೆ ಮಾಲೀಕತ್ವವನ್ನೂ ಬಿಡಬೇಕು. ಮಾರುಕಟ್ಟೆ ದರದ ಮಾಮೂಲಿ ವ್ಯಾಪಾರಕ್ಕೆ ಮಾತ್ರ ವಿನಾಯಿತಿ. ಹೆಂಡತಿಯ ಅಥವಾ ಗಂಡನ ಹೆಸರಿಗೆ ಬರೆಯುವಂತಿಲ್ಲ. ಆದರೆ ಮೊದಲೇ ಆ ವ್ಯವಹಾರದಲ್ಲಿದ್ದ, ವಯಸ್ಸಿಗೆ ಬಂದ ಮಗನಿಗೆ ಬರೆಯಬಹುದು! ಒಂದೇ ಮನೆ, ಒಂದೇ ತಿಜೋರಿ. ಸಂಹಿತೆ ಸೋರುವುದು ಇಲ್ಲೇ. ಮೇಲಾಗಿ ಇದು ಕಾಯ್ದೆಯಲ್ಲ, ಮುರಿದವರನ್ನು ಕೋರ್ಟಿಗೆ ಎಳೆಯುವುದು ಕಷ್ಟ. ಇದು ಬದಲಾಗಲೇಬೇಕು.

ಕಾಯ್ದೆಯ ಬಲ ಇರುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಮಿಗೆ. ಸಂಸದರು ತಮ್ಮ ವ್ಯಾಪಾರದಲ್ಲಿ ಕೇಂದ್ರ ಸರ್ಕಾರದ ಜೊತೆ ಸರಕು ಪೂರೈಕೆಯ ಅಥವಾ ಕಾಮಗಾರಿಯ ಗುತ್ತಿಗೆ ಇಟ್ಟುಕೊಂಡಿದ್ದರೆ ಅನರ್ಹರು. ಗುತ್ತಿಗೆ ಅವರೇ ಮಾಡಿಕೊಂಡಿದ್ದಾಗಿರಬೇಕು, ಇನ್ನೂ ಚಾಲ್ತಿಯಲ್ಲಿರಬೇಕು.

ಪರಿಶೀಲನೆಗೆ ಮೊದಲು ಚುನಾವಣಾ ಆಯೋಗದ ಜಾಲತಾಣದಲ್ಲಿ ಅವರು ಅಭ್ಯರ್ಥಿಯಾಗಿ ಸಲ್ಲಿಸಿದ ಫಾರಂ 26 ಪ್ರಮಾಣಪತ್ರ (ಅಫಿಡವಿಟ್) ತೆಗೆಯಿರಿ. ಸ್ವಂತ, ಸಂಗಾತಿಯ, ಅವಲಂಬಿತರ ಆಸ್ತಿಯ ಜೊತೆಗೆ ಸರ್ಕಾರಿ ಗುತ್ತಿಗೆಗಳ ಕಾಲಮ್ಮೂ ಅಲ್ಲಿದೆ. ಹೆಚ್ಚಿನವರು ಒಟ್ಟು ಮೊತ್ತ ನೋಡಿ ಮುಚ್ಚಿಬಿಡುತ್ತಾರೆ. ಆ ಕಾಲಮ್ಮನ್ನೇ ಮೊದಲು ಓದಿ. ಸ್ವಂತ ದುಡಿಮೆಯ ಮಗ ಅವಲಂಬಿತನಲ್ಲ, ಅವನ ಲೆಕ್ಕ ಅಲ್ಲಿ ಸಿಗದು. ಮಿಲ್ ಕಂಪನಿಯಾಗಿದ್ದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ನಿರ್ದೇಶಕರ ಹೆಸರು ಹೊಂದಿಸಿ ನೋಡಿ. ಟೆಂಡರ್ ಕಡತಕ್ಕೆ, ಖರೀದಿಸಿದ ಇಲಾಖೆಗೇ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರಬೇಕು. ‘ಎಲ್ಲಾ ಮಾಹಿತಿ ಕೊಡಿ’ ಎಂದರೆ ಅರ್ಜಿ ತಿರಸ್ಕೃತವಾಗಬಹುದು. ವರ್ಷ, ಸರಕು, ಸಂಸ್ಥೆಯ ಹೆಸರು ನಮೂದಿಸಿ.