ಫೆಲೋಶಿಪ್‌ಗೆ ಸೇರುವ ಮೊದಲು ವಾರ್ಡಿನ ಲೆಕ್ಕ ಶುರುಮಾಡಿ

ಓದುಗರ ಪತ್ರ

"ಜಿಲ್ಲಾ ಕೇಂದ್ರವೊಂದರ 150 ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಸೀನಿಯರ್ ಸ್ಟಾಫ್ ನರ್ಸ್ ಆಗಿದ್ದೇನೆ. ಬಿಎಸ್ಸಿ ನರ್ಸಿಂಗ್ ಮುಗಿಸಿ ಒಂಬತ್ತು ವರ್ಷವಾಯಿತು. ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ತಯಾರಿ ಶುರುವಾದಾಗಿನಿಂದ ಕ್ವಾಲಿಟಿ ಕೆಲಸವೆಲ್ಲ ನನ್ನ ಮೇಲೆಯೇ ಬಿದ್ದಿದೆ. ಆರೋಗ್ಯಸೇವೆಯ ಗುಣಮಟ್ಟ ಮತ್ತು ರೋಗಿ ಸುರಕ್ಷತೆ ಕುರಿತ ಒಂದು ವರ್ಷದ ಫೆಲೋಶಿಪ್‌ಗೆ ಸೇರಲೇ? ಅಲ್ಲಿ ಏನು ಕಲಿಸುತ್ತಾರೆ? ಗಣಿತವೆಂದರೆ ನನಗೆ ಹೆದರಿಕೆ. ನಮ್ಮ ವಾರ್ಡಿನಲ್ಲಿ ಕ್ಯಾನುಲಾ (ಡ್ರಿಪ್, ಇಂಜೆಕ್ಷನ್ ಕೊಡಲು ರಕ್ತನಾಳದಲ್ಲಿ ಇಡುವ ಸಣ್ಣ ನಳಿಕೆ) ಹಾಕಿದ ಕೈ ಊದುವುದು ಬಹಳ. ಹೇಳಿದರೆ ಡಾಕ್ಟರುಗಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ಫೆಲೋಶಿಪ್ ಮಾಡಿಕೊಂಡರೆ ಕೇಳಿಯಾರೇ?"

ಸಂಪಾದಕರ ಉತ್ತರ

ಸಿಸ್ಟರ್, ಖಂಡಿತ ಸೇರಿ. ಆದರೆ ಡಾಕ್ಟರುಗಳು ಕೇಳಲಿ ಎಂಬ ಕಾರಣಕ್ಕೆ ಸೇರಬೇಡಿ. ಹೆಸರಿನ ಮುಂದೆ ಎರಡು ಅಕ್ಷರ ಹೆಚ್ಚಾದ ಮಾತ್ರಕ್ಕೆ ಯಾವ ವಾರ್ಡೂ ಬದಲಾಗುವುದಿಲ್ಲ. ಊದಿದ ಕೈಗಳ ಬಗ್ಗೆ ನೀವು ಬರೆದಿದ್ದೀರಲ್ಲ, ನಿಮ್ಮ ಫೆಲೋಶಿಪ್ ಅಲ್ಲಿಂದಲೇ ಶುರುವಾಗಬೇಕು. ಶುಲ್ಕ ಕಟ್ಟುವ ಮೊದಲೇ ಆ ಕೆಲಸಕ್ಕೆ ಕೈಹಾಕಬಹುದು.

ಈ ಕ್ಷೇತ್ರದವರೆಲ್ಲ ಉದಾಹರಿಸುವ ಒಂದು ಕೆಲಸ ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ನಡೆದದ್ದು. ಸೆಂಟ್ರಲ್ ಲೈನ್‌ನಿಂದ, ಅಂದರೆ ದೊಡ್ಡ ರಕ್ತನಾಳಕ್ಕೆ ಹಾಕುವ ಉದ್ದನೆಯ ನಳಿಕೆಯಿಂದ, ರಕ್ತಕ್ಕೆ ಸೋಂಕು ತಗಲದಂತೆ ಮಾಡುವುದು ಅದರ ಗುರಿ. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. 1000 ಲೈನ್ ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಅದು ಒಂದು ಲೈನ್ ದಿನ) 2.7 ಇದ್ದ ಸೋಂಕಿನ ಮಧ್ಯಾಂಕ, ಅಂದರೆ ಕ್ರಮವಾಗಿ ಜೋಡಿಸಿದ ಸಾಲಿನ ನಡುವಿನ ಸಂಖ್ಯೆ, ಮೂರು ತಿಂಗಳಲ್ಲೇ ಸೊನ್ನೆಗೆ ಇಳಿದಿತ್ತು. ಹೊಸ ಔಷಧಿಯನ್ನೇನೂ ಬಳಸಿರಲಿಲ್ಲ. ಕೈ ತೊಳೆಯುವುದು, ಲೈನ್ ಹಾಕುವಾಗ ಪೂರ್ತಿ ಸ್ಟೆರೈಲ್ ಗೌನು ಮತ್ತು ಹೊದಿಕೆ ಬಳಸುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಒರೆಸುವುದು, ಸಾಧ್ಯವಾದಷ್ಟೂ ತೊಡೆಸಂದಿಯ ರಕ್ತನಾಳವನ್ನು ಬಿಡುವುದು, ಬೇಡವಾದ ಲೈನನ್ನು ಕೂಡಲೇ ತೆಗೆಯುವುದು, ಇಷ್ಟೇ. ಇವೆಲ್ಲ ಎಲ್ಲರಿಗೂ ಮೊದಲೇ ಗೊತ್ತಿದ್ದ ಸಂಗತಿಗಳು. ಗೊತ್ತಿದ್ದದ್ದು ನಡೆಯುವಂತೆ ಮಾಡಿದ್ದು ಎರಡು ಏರ್ಪಾಡುಗಳು. ಬೇಕಾದ ಸಾಮಾನೆಲ್ಲ ಒಂದೇ ಟ್ರಾಲಿಯಲ್ಲಿ ಸಿಗುತ್ತಿತ್ತು. ವೈದ್ಯರು ಒಂದು ಹೆಜ್ಜೆ ಬಿಟ್ಟರೂ ಕೆಲಸ ನಿಲ್ಲಿಸುವ ಅಧಿಕಾರ ನರ್ಸ್‌ಗೆ ಇತ್ತು. ಆ ಅಧಿಕಾರವನ್ನು ನರ್ಸ್ ಜಗಳವಾಡಿ ಗಳಿಸಿದ್ದಲ್ಲ, ಮೇಲಿನವರು ಮೊದಲೇ ಒಪ್ಪಿ ಕೊಟ್ಟದ್ದು. ಡಾಕ್ಟರು ಕೇಳುವುದಿಲ್ಲ ಎಂಬ ನಿಮ್ಮ ತೊಂದರೆಗೆ ಪರಿಹಾರವೂ ಇಂಥ ಏರ್ಪಾಡಿನಲ್ಲೇ ಇದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯನ್ನೂ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟನ್ನು ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಬಳಸಿ ನೋಡಲಾಯಿತು. ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ, ತೊಡಕುಗಳು ಶೇ 11ರಿಂದ 7ಕ್ಕೆ ಇಳಿದವು ಎಂದು 2009ರ ವರದಿ ಹೇಳಿತು. ಅದೇ ಚೆಕ್‌ಲಿಸ್ಟ್ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಕಡ್ಡಾಯವಾದಾಗ 101 ಆಸ್ಪತ್ರೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಆ ಅಧ್ಯಯನ 2014ರಲ್ಲಿ ಬಂತು. ಆಸ್ಪತ್ರೆಗಳು ಹೇಳಿಕೊಂಡ ಲೆಕ್ಕದಲ್ಲಿ ಚೆಕ್‌ಲಿಸ್ಟ್ ಬಳಕೆ ಬಹುಪಾಲು ಪೂರ್ಣವಾಗಿಯೇ ಇತ್ತು. ಟಿಕ್ ಹಾಕುವುದಕ್ಕೂ, ಆಪರೇಷನ್ ಟೇಬಲ್ ಸುತ್ತ ನಿಂತವರು ಒಂದು ಕ್ಷಣ ನಿಂತು ರೋಗಿಯ ಹೆಸರನ್ನೂ ಆಪರೇಷನ್ ಆಗಬೇಕಾದ ಭಾಗವನ್ನೂ ಬಾಯಿಬಿಟ್ಟು ಹೇಳುವುದಕ್ಕೂ ಎಷ್ಟೋ ಅಂತರವಿದೆ. ನಮ್ಮಲ್ಲಿ ಮಾನ್ಯತೆಯ ತಪಾಸಣೆಗೆ ಅಸೆಸರ್ ಬರುವ ಹಿಂದಿನ ರಾತ್ರಿ ಕೂತು ರಿಜಿಸ್ಟರ್ ತುಂಬಿಸುವ ಅಭ್ಯಾಸ ಎಷ್ಟು ಕಡೆ ಇದೆ ಎಂಬುದು ನಿಮಗೇ ಗೊತ್ತು. ಒಳ್ಳೆಯ ಫೆಲೋಶಿಪ್ ಮಾಡಿದವರು ಆ ಅಭ್ಯಾಸವನ್ನು ಮುರಿಯಬೇಕು. ಕೆಟ್ಟ ಫೆಲೋಶಿಪ್ ಅದನ್ನೇ ಇನ್ನಷ್ಟು ಅಚ್ಚುಕಟ್ಟಾಗಿ ಮಾಡಲು ಕಲಿಸುತ್ತದೆ.

ಈಗ ಪಠ್ಯದ ವಿಷಯ. ಯಾವ ಫೆಲೋಶಿಪ್ ತೆಗೆದುಕೊಂಡರೂ ಸುಧಾರಣೆಯ ವಿಧಾನ, ಅಳತೆ, ಅವಘಡಗಳ ವಿಶ್ಲೇಷಣೆ, ಮಾನದಂಡಗಳು ಇವೇ ತಿರುಳು. ಮಾನದಂಡದ ಬಗ್ಗೆ ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ, ಎನ್‌ಎಬಿಎಚ್ ಪುಸ್ತಕ ಈಗಾಗಲೇ ನಿಮ್ಮ ಮೇಜಿನ ಮೇಲಿದೆ. ಮುಂದೆ ಸರ್ಕಾರಿ ಕೆಲಸಕ್ಕೆ ಹೋಗುವ ಯೋಚನೆಯಿದ್ದರೆ 2013ರ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳು, ಅಂದರೆ ಎನ್‌ಕ್ಯೂಎಎಸ್, ಮತ್ತು ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆಗೆ ಪ್ರಶಸ್ತಿ ಕೊಡುವ 2015ರ ಕಾಯಕಲ್ಪ ಯೋಜನೆ ಇವೆರಡನ್ನೂ ಓದಿಟ್ಟುಕೊಳ್ಳಿ.

ನಿಮಗೆ ಹೆದರಿಕೆ ಇರುವುದು ಅಳತೆಯಲ್ಲಿ. ಅದಕ್ಕೆ ಬೇಕಾದದ್ದು ಕೂಡುವುದು, ಭಾಗಿಸುವುದು, ಸಾಲಿನ ನಡುವಿನ ಸಂಖ್ಯೆ ಹುಡುಕುವುದು. ನಿಮ್ಮ ಕ್ಯಾನುಲಾ ಸಮಸ್ಯೆಯನ್ನೇ ತೆಗೆದುಕೊಳ್ಳೋಣ.

ಏನನ್ನು ಊತ ಎನ್ನುತ್ತೀರಿ ಎಂಬುದು ಮೊದಲು ಗಟ್ಟಿಯಾಗಬೇಕು. ವಿಐಪಿ (ವಿಷುಯಲ್ ಇನ್ಫ್ಯೂಷನ್ ಫ್ಲೆಬೈಟಿಸ್) ಸ್ಕೋರ್ ಎಂಬ 0ರಿಂದ 5ರವರೆಗಿನ ಅಳತೆ ಇದೆ. ನೋವು, ಕೆಂಪು, ಊತ ಈ ಮೂರರಲ್ಲಿ ಎರಡು ಕಂಡರೆ ಸ್ಕೋರ್ 2. ಅದು ಫ್ಲೆಬೈಟಿಸ್‌ನ, ಅಂದರೆ ರಕ್ತನಾಳದ ಉರಿಯೂತದ ಆರಂಭ, ಕ್ಯಾನುಲಾ ತೆಗೆದು ಬೇರೆ ಜಾಗಕ್ಕೆ ಹಾಕಬೇಕು. ಸ್ಕೋರ್ 2 ಮತ್ತು ಮೇಲ್ಪಟ್ಟದ್ದನ್ನೆಲ್ಲ ಎಣಿಸುತ್ತೇವೆ ಎಂದು ಬರೆದಿಡಿ. ಆಮೇಲೆ ಇಬ್ಬರು ನರ್ಸ್‌ಗಳು ಒಬ್ಬರದ್ದನ್ನೊಬ್ಬರು ನೋಡದೆ ಅದೇ 20 ರೋಗಿಗಳ ಕೈ ನೋಡಿ ಸ್ಕೋರ್ ಹಾಕಲಿ. ಇಬ್ಬರ ಪಟ್ಟಿ ಹೊಂದದಿದ್ದರೆ ಎಣಿಕೆ ಶುರುಮಾಡಬೇಡಿ, ಮೊದಲು ಅಳತೆಯ ಬಗ್ಗೆ ಒಮ್ಮತಕ್ಕೆ ಬನ್ನಿ.

ಹೆಚ್ಚಿನವರು ಎಡವುವುದು ಛೇದದಲ್ಲಿ, ಅಂದರೆ ಎಷ್ಟರಿಂದ ಭಾಗಿಸಬೇಕು ಎಂಬುದರಲ್ಲಿ. "ಈ ತಿಂಗಳು ಎಂಟು ಜನಕ್ಕೆ ಕೈ ಊದಿತು" ಎಂದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಡೆಂಗಿ ಸೀಸನ್ನಿನಲ್ಲಿ ವಾರ್ಡ್ ತುಂಬಿರುತ್ತದೆ, ಹಬ್ಬದ ವಾರ ಅರ್ಧ ಖಾಲಿ. ದಿನಾ ಬೆಳಗಿನ ಹ್ಯಾಂಡೋವರ್ ಹೊತ್ತಿಗೆ ವಾರ್ಡಿನಲ್ಲಿ ಎಷ್ಟು ಕ್ಯಾನುಲಾ ಇವೆ ಎಂದು ಎಣಿಸಿ ಬರೆಯಿರಿ. ಏಳು ದಿನದ್ದು ಕೂಡಿದರೆ ವಾರದ ಕ್ಯಾನುಲಾ ದಿನಗಳು ಸಿಗುತ್ತವೆ. ಅದು 140 ಆಗಿ, ಹೊಸ ಫ್ಲೆಬೈಟಿಸ್ ನಾಲ್ಕು ಕಂಡಿದ್ದರೆ, 4 ಭಾಗಿಸು 140 ಗುಣಿಸು 1000, ಅಂದರೆ 1000 ಕ್ಯಾನುಲಾ ದಿನಕ್ಕೆ 28.6.

ಹೀಗೆ ಹತ್ತು ಹನ್ನೆರಡು ವಾರ ಏನನ್ನೂ ಬದಲಿಸದೆ ಎಣಿಸಿ. ಗ್ರಾಫ್ ಹಾಳೆಯಲ್ಲಿ ವಾರಕ್ಕೊಂದು ಚುಕ್ಕೆ ಇಟ್ಟು, ಮಧ್ಯಾಂಕದ ಗೆರೆ ಎಳೆಯಿರಿ. ಇದೇ ರನ್ ಚಾರ್ಟ್. ಬದಲಾವಣೆ ತಂದ ಮೇಲೆ ಸತತ ಆರು ಚುಕ್ಕೆ ಗೆರೆಯ ಕೆಳಗೆ ಬಿದ್ದರೆ ನಿಜವಾಗಿಯೂ ಏನೋ ಬದಲಾಗಿದೆ ಎಂದರ್ಥ. ಗೆರೆಯ ಮೇಲೆಯೇ ಕೂತ ಚುಕ್ಕೆಯನ್ನು ಈ ಲೆಕ್ಕಕ್ಕೆ ಹಿಡಿಯಬಾರದು. ಸತತ ಐದು ಚುಕ್ಕೆ ಇಳಿಯುತ್ತಲೇ ಹೋದರೂ ಗಮನಿಸಬೇಕಾದ ಸೂಚನೆಯೇ. ಒಂದು ವಾರ ಇಳಿದು ಮರುವಾರ ಏರಿದ್ದಕ್ಕೆಲ್ಲ ಕಾರಣ ಹುಡುಕಬೇಡಿ. ವಾರ್ಡ್ ಚಿಕ್ಕದಾಗಿದ್ದು ವಾರಕ್ಕೆ ಸೊನ್ನೆಯೋ ಒಂದೋ ಬರುತ್ತಿದ್ದರೆ ಎರಡು ವಾರ ಸೇರಿಸಿ ಒಂದು ಚುಕ್ಕೆ ಇಡಿ.

ಒಂದು ವಿಷಯವನ್ನು ಮೊದಲೇ ಮೆಡಿಕಲ್ ಸೂಪರಿಂಟೆಂಡೆಂಟರ ಕಿವಿಗೆ ಹಾಕಿಡಿ. ಎಣಿಸಲು ಶುರುಮಾಡಿದ ಮೊದಲ ವಾರಗಳಲ್ಲಿ ಸಂಖ್ಯೆ ಏರುವುದೇ ಹೆಚ್ಚು. ಕೈ ಊದುವುದು ಜಾಸ್ತಿಯಾಗಿರುವುದಿಲ್ಲ, ಕಣ್ಣಿಗೆ ಬೀಳುವುದು ಜಾಸ್ತಿಯಾಗಿರುತ್ತದೆ. ಇದನ್ನು ಮುಂಚಿತವಾಗಿ ಹೇಳದೆ ಹೋದ ಎಷ್ಟೋ ಯೋಜನೆಗಳು ಎರಡನೇ ತಿಂಗಳ ಮೀಟಿಂಗಿನಲ್ಲೇ ಮುಗಿದುಹೋಗುತ್ತವೆ.

ಆಮೇಲೆ ಕಾರಣ. ಸಂದಿಯ ಮೇಲೆ, ಮಣಿಕಟ್ಟಿನಲ್ಲೋ ಮೊಣಕೈ ಮಡಿಕೆಯಲ್ಲೋ ಹಾಕಿದ ಕ್ಯಾನುಲಾ ಅಲುಗಾಡಿ ನಾಳದ ಗೋಡೆಯನ್ನು ಉಜ್ಜುತ್ತದೆ. ಸಣ್ಣ ನಾಳಕ್ಕೆ 22 ಗೇಜಿನ ತೆಳು ನೀಲಿ ಕ್ಯಾನುಲಾ ಸಾಕಾಗುವಲ್ಲಿ 18 ಗೇಜಿನ ದಪ್ಪ ಹಸಿರು ಹಾಕಿದರೂ ಅದೇ ಪಾಡು. ಪೊಟ್ಯಾಸಿಯಂ, ವ್ಯಾಂಕೊಮೈಸಿನ್, ಅಮಿಯೊಡರೋನ್‌ನಂಥವು ನಾಳವನ್ನೇ ಕೆರಳಿಸುತ್ತವೆ. ಸ್ಪಿರಿಟ್ ಒಣಗುವ ಮೊದಲೇ ಚುಚ್ಚುವುದು, ಹಬ್ (ಕ್ಯಾನುಲಾದ ಹೊರಗಿನ ಬಾಯಿ) ಒರೆಸದೆ ಇಂಜೆಕ್ಷನ್ ಕೊಡುವುದು ಸೋಂಕಿಗೆ ದಾರಿ. ಎಲ್ಲಕ್ಕಿಂತ ಸಾಮಾನ್ಯವಾದದ್ದು, ಡ್ರಿಪ್ ನಿಂತು ಎರಡು ದಿನವಾದರೂ "ಇರಲಿ, ಬೇಕಾದೀತು" ಎಂದು ಬಿಟ್ಟ ಕ್ಯಾನುಲಾ. ಇವುಗಳಲ್ಲಿ ನಿಮ್ಮ ವಾರ್ಡಿನದು ಯಾವುದು ಎಂದು ಊಹಿಸಬೇಡಿ. ಊದಿದ 30 ಕೈಗಳಿಗೆ ಜಾಗ, ಗೇಜು, ಯಾವ ಔಷಧಿ, ಎಷ್ಟನೇ ದಿನ ಎಂದು ನಾಲ್ಕು ಕಾಲಂ ಬರೆಯಿರಿ. ಯಾವ ಕಾಲಂನಲ್ಲಿ ಒಂದೇ ಉತ್ತರ ಮತ್ತೆ ಮತ್ತೆ ಬರುತ್ತದೋ ಅಲ್ಲಿಂದ ಶುರುಮಾಡಿ.

ಬದಲಾವಣೆಯನ್ನು ಆಸ್ಪತ್ರೆಗೆಲ್ಲ ಸರ್ಕ್ಯುಲರ್ ಹೊರಡಿಸಿ ತರಬೇಡಿ. ಯೋಜಿಸು, ಮಾಡು, ಪರಿಶೀಲಿಸು, ತಿದ್ದು ಎಂಬ ಪಿಡಿಎಸ್‌ಎ ಸುತ್ತನ್ನು ಆದಷ್ಟು ಚಿಕ್ಕದಾಗಿ ಹಿಡಿಯಿರಿ. ಒಬ್ಬ ನರ್ಸ್, ಒಂದು ಶಿಫ್ಟ್, ಐದು ರೋಗಿಗಳು ಸಾಕು. ಕ್ಯಾನುಲಾ ಹಾಕಿದ ದಿನಾಂಕದ ಚೀಟಿ ಅಂಟಿಸುವ ಯೋಚನೆ ಎಂದುಕೊಳ್ಳಿ. ಚೀಟಿ ಸೂಜಿಯ ಜಾಗದ ಮೇಲೆಯೇ ಕೂತರೆ ಕೆಂಪಾದ ಚರ್ಮವನ್ನು ಅದೇ ಮುಚ್ಚಿಬಿಡುತ್ತದೆ. ಐದೇ ರೋಗಿಗಳಲ್ಲಿ ಇದು ಗೊತ್ತಾದರೆ ಚೀಟಿಯನ್ನು ಡ್ರೆಸಿಂಗ್‌ನ ಅಂಚಿಗೆ ಸರಿಸಿದರಾಯಿತು. ಇಡೀ ಆಸ್ಪತ್ರೆಗೆ ಚೀಟಿ ಅಚ್ಚು ಹಾಕಿಸಿದ ಮೇಲೆ ಗೊತ್ತಾದರೆ ಯಾರೂ ಒಪ್ಪಿಕೊಳ್ಳಲಾರರು. ಜೊತೆಗೆ ಇನ್ನೊಂದು ಲೆಕ್ಕವೂ ಇರಲಿ: ಬೇಗ ತೆಗೆಯುವ ಭರದಲ್ಲಿ ಮತ್ತೆ ಚುಚ್ಚಿಸಿಕೊಂಡ ರೋಗಿಗಳು ಎಷ್ಟು? ಒಂದು ಕಡೆ ಇಳಿಸಿ ಇನ್ನೊಂದು ಕಡೆ ಏರಿಸಿದರೆ ರೋಗಿಗೆ ಲಾಭವಿಲ್ಲ.

ಡಾಕ್ಟರುಗಳ ವಿಷಯಕ್ಕೆ ಬಂದರೆ, ಎಲ್ಲರನ್ನೂ ಒಟ್ಟಿಗೆ ಒಪ್ಪಿಸಲು ಹೋಗಬೇಡಿ. ಆಸಕ್ತಿಯಿರುವ ಒಬ್ಬ ಕನ್ಸಲ್ಟೆಂಟನ್ನು ಹಿಡಿಯಿರಿ. ಬೆಳಗಿನ ರೌಂಡ್ಸ್‌ನಲ್ಲಿ ಪ್ರತಿ ಹಾಸಿಗೆಯ ಬಳಿ "ಈ ಕ್ಯಾನುಲಾ ಇನ್ನೂ ಬೇಕೇ ಸರ್?" ಎಂಬ ಒಂದೇ ಪ್ರಶ್ನೆ ಕೇಳಲು ಅವರಿಂದ ಮೊದಲೇ ಒಪ್ಪಿಗೆ ಪಡೆಯಿರಿ. ಬೇಡ ಎಂದಾದರೆ ನರ್ಸ್ ಅಲ್ಲೇ ತೆಗೆಯಬಹುದು ಎಂದು ಅವರ ಸಹಿಯ ಒಂದು ಸಾಲಿನ ಆದೇಶ ಇರಲಿ. ಮೀಟಿಂಗಿನಲ್ಲಿ ಯಾವ ಡಾಕ್ಟರ ರೋಗಿ, ಯಾವ ನರ್ಸ್‌ನ ಡ್ಯೂಟಿ ಎಂಬುದು ಬರಬಾರದು. ವಾರ್ಡಿನ ಚಾರ್ಟ್ ಮಾತ್ರ ಇರಲಿ.

ಅವಘಡ ವಿಶ್ಲೇಷಣೆಯ ಪಾಠದಲ್ಲಿ ಕಾರಣಗಳನ್ನು ಕವಲುಕವಲಾಗಿ ಬರೆಯುವ ಮೀನಿನ ಮೂಳೆಯ ಚಿತ್ರ, ಮೂಲ ಕಾರಣ ಸಿಗುವವರೆಗೆ ಕೇಳುವ ಐದು 'ಯಾಕೆ'ಗಳು ಎಲ್ಲ ಬರುತ್ತವೆ, ಕಲಿಯುವುದು ಸುಲಭ. ಆದರೆ ವಿಶ್ಲೇಷಣೆಯ ಕೊನೆಗೆ ಏನು ಮಾಡಬೇಕೆಂದು ಬರೆಯುತ್ತಾರೋ ಆ ಕಾಲಂನಲ್ಲೇ ಇಡೀ ಕೆಲಸ ಕೆಡುವುದು. "ಸಿಬ್ಬಂದಿಗೆ ತರಬೇತಿ ನೀಡಲಾಯಿತು, ಎಚ್ಚರಿಕೆ ಕೊಡಲಾಯಿತು" ಎಂಬುದು ಪರಿಹಾರಗಳಲ್ಲೆಲ್ಲ ಅತಿ ದುರ್ಬಲ. ಚೆಕ್‌ಲಿಸ್ಟ್, ಇಬ್ಬರು ನೋಡಿ ಖಚಿತಪಡಿಸುವುದು ಮಧ್ಯಮ. ತಪ್ಪು ನಡೆಯಲು ಆಸ್ಪದವನ್ನೇ ಕೊಡದಿರುವುದು ಪ್ರಬಲ. ಗಾಢ ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲನ್ನು ನೀರಿನ ಆಂಪೂಲ್ ಎಂದು ಎತ್ತಿಕೊಂಡರೆ ರೋಗಿಯ ಹೃದಯವೇ ನಿಲ್ಲಬಹುದು. ನೂರು ಸಲ ತರಬೇತಿ ಕೊಡುವುದಕ್ಕಿಂತ ಆ ಆಂಪೂಲನ್ನು ಸಾಮಾನ್ಯ ವಾರ್ಡಿನ ಕಪಾಟಿನಿಂದಲೇ ತೆಗೆದುಹಾಕುವುದು ಲೇಸು. ಇನ್ಸಿಡೆಂಟ್ ಫಾರಂ ಬರೆದ ನರ್ಸ್‌ಗೆ ಮೆಮೊ ಕೊಡುವ ಆಸ್ಪತ್ರೆಯಲ್ಲಿ ಮರುತಿಂಗಳಿಂದ ಫಾರಂ ಬರುವುದೇ ನಿಲ್ಲುತ್ತದೆ. ವರದಿ ಸೊನ್ನೆಯಾದರೆ ಸಂತೋಷಪಡದೆ ಭಯಪಡಬೇಕು.

ಹಾಗಾದರೆ ಯಾವ ಫೆಲೋಶಿಪ್? ವಿಶ್ವವಿದ್ಯಾಲಯಗಳ ಫೆಲೋಶಿಪ್‌ಗಳಲ್ಲಿ ಹಲವು ವೈದ್ಯ ಸ್ನಾತಕೋತ್ತರರಿಗೆ ಮೀಸಲು, ಅರ್ಜಿ ಶುಲ್ಕ ಕಟ್ಟುವ ಮೊದಲು ಅರ್ಹತೆಯ ಸಾಲು ಓದಿ. ಡಬ್ಲಿನ್‌ನಲ್ಲಿ ಕಚೇರಿ ಇರುವ, ಆರೋಗ್ಯಸೇವೆಯ ಗುಣಮಟ್ಟದ ಅಂತರರಾಷ್ಟ್ರೀಯ ಸಂಸ್ಥೆ ಇಸ್ಕ್ವಾದ ಫೆಲೋಶಿಪ್ ಆನ್‌ಲೈನ್, ನರ್ಸ್‌ಗಳೂ ಸೇರಬಹುದು, ಎಲ್ಲವೂ ಇಂಗ್ಲಿಷಿನಲ್ಲಿ. ಅಮೆರಿಕದ ಸಿಪಿಎಚ್‌ಕ್ಯೂ (ಆರೋಗ್ಯಸೇವೆಯ ಗುಣಮಟ್ಟದ ವೃತ್ತಿಪರರಿಗೆ ಕೊಡುವ ಪ್ರಮಾಣಪತ್ರ) ಫೆಲೋಶಿಪ್ ಅಲ್ಲ, ಬಹು ಆಯ್ಕೆ ಪ್ರಶ್ನೆಗಳ ಒಂದು ಪರೀಕ್ಷೆ. ಗಲ್ಫ್ ಕಡೆ ಕೆಲಸ ನೋಡುವವರು ಅದನ್ನು ಬರೆಯುವುದುಂಟು, ಆದರೆ ಅದರಲ್ಲಿ ವಾರ್ಡಿನ ಕೆಲಸವಿಲ್ಲ. ಹಣ ಖರ್ಚು ಮಾಡುವ ಮೊದಲು ದೆಹಲಿಯ ಏಮ್ಸ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಕಚೇರಿ ಸೇರಿ ರೂಪಿಸಿದ 'ಪಾಯಿಂಟ್ ಆಫ್ ಕೇರ್ ಕ್ವಾಲಿಟಿ ಇಂಪ್ರೂವ್‌ಮೆಂಟ್' ಕೈಪಿಡಿ ಓದಿ. ತಾಯಿ ಮತ್ತು ನವಜಾತ ಶಿಶುಗಳ ಆರೈಕೆಗೆಂದು ಬರೆದದ್ದು, ಆದರೆ ಅದರ ನಾಲ್ಕು ಹಂತಗಳು ನಿಮ್ಮ ಕ್ಯಾನುಲಾಕ್ಕೂ ಹೊಂದುತ್ತವೆ.

ಸಂಸ್ಥೆಯವರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ನನ್ನದೇ ವಾರ್ಡಿನಲ್ಲಿ ಪ್ರಾಜೆಕ್ಟ್ ಮಾಡುವುದು ಕಡ್ಡಾಯವೇ? ಮಾರ್ಗದರ್ಶಕರು ತಿಂಗಳಿಗೆ ಎಷ್ಟು ಸಲ ನನ್ನ ಚಾರ್ಟನ್ನು ನೋಡಿ ಮಾತಾಡುತ್ತಾರೆ? ಹಿಂದಿನ ಬ್ಯಾಚಿನ ಎರಡು ಪ್ರಾಜೆಕ್ಟ್ ವರದಿ ತೋರಿಸುತ್ತೀರಾ? ಆ ವರದಿಗಳಲ್ಲಿ "ಮೊದಲು ಶೇ 60, ತರಬೇತಿಯ ನಂತರ ಶೇ 95" ಎಂದು ಎರಡೇ ಕಂಬಗಳ ಚಿತ್ರವಿದ್ದು, ವಾರದಿಂದ ವಾರಕ್ಕೆ ಹೋಗುವ ಗೆರೆ ಇಲ್ಲದಿದ್ದರೆ ಬೇರೆ ಸಂಸ್ಥೆ ನೋಡಿ.

ಆಡಳಿತ ಮಂಡಳಿ ಶುಲ್ಕ ಕಟ್ಟುವುದಾದರೆ ಬಾಂಡ್ ಕೇಳುವುದು ಸಹಜ. ಒಂದು ವರ್ಷದ ಕೋರ್ಸಿಗೆ ಒಂದು ವರ್ಷದ ಬಾಂಡ್ ನ್ಯಾಯ, ಮೂರು ವರ್ಷ ಕೇಳಿದರೆ ಒಪ್ಪಬೇಡಿ. ಅದೇ ಪತ್ರದಲ್ಲಿ ಇನ್ನೆರಡು ಸಾಲು ಸೇರಿಸಲು ಹೇಳಿ: ವಾರಕ್ಕೆ ನಾಲ್ಕು ಗಂಟೆ ಹಾಸಿಗೆ ಡ್ಯೂಟಿಯಿಂದ ಬಿಡುವು, ಮತ್ತು ಪ್ರಾಜೆಕ್ಟ್ ಮುಗಿಯುವವರೆಗೆ ಬೇರೆ ವಾರ್ಡಿಗೆ ವರ್ಗವಿಲ್ಲ. ನಡುವೆ ನಿಮ್ಮನ್ನು ಡಯಾಲಿಸಿಸ್‌ಗೋ ಕ್ಯಾಶುಯಾಲಿಟಿಗೋ ಕಳಿಸಿಬಿಟ್ಟರೆ ಹನ್ನೆರಡು ವಾರದ ಲೆಕ್ಕ ಹಾಗೆಯೇ ಉಳಿಯುತ್ತದೆ. ನರ್ಸಿಂಗ್ ಸೂಪರಿಂಟೆಂಡೆಂಟರ ಸಹಿಯೂ ಅದರಲ್ಲಿರಲಿ, ಏಕೆಂದರೆ ಡ್ಯೂಟಿ ಚಾರ್ಟ್ ಹಾಕುವವರು ಅವರು.