ಏಳನೇ ಕ್ಲಾಸಿಗೆ ಕಾಡಿನ ಪಾಠ: ಬನ್ನೇರುಘಟ್ಟಕ್ಕೆ ಕರೆದುಕೊಂಡು ಹೋಗಲಾ, ಶಾಲೆ ಹಿಂದಿನ ಖಾಲಿ ಜಾಗದಲ್ಲಿ ನೂರು ಗಿಡ ನೆಡಿಸಲಾ?

ನಿಮ್ಮ ಪ್ರಶ್ನೆಯಲ್ಲಿ ‘ಶಾಲೆ ಹಿಂದಿನ ಖಾಲಿ ಜಾಗ’ ಅಂತ ಓದಿದ ಕೂಡಲೇ ಎದೆ ಧಸಕ್ಕೆಂದಿತು. ನನಗೂ ಅಂಥದ್ದೇ ಒಂದು ಜಾಗ ಸಿಕ್ಕಿತ್ತು.

ಆಗ ಬೆಂಗಳೂರಿನ ಕನಕಪುರ ರಸ್ತೆ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಹಿಂದಿನ ಕಾಂಪೌಂಡಿಗೆ ತಾಗಿಕೊಂಡು ಎರಡು ಸೈಟಿನಷ್ಟು ಜಾಗ. ಎಕ್ಕ, ತಂಗಡಿ, ಲಂಟಾನ, ಮೂಲೆಯಲ್ಲೊಂದು ಹುತ್ತ. ಜೂನ್ 5ರ ಪರಿಸರ ದಿನ ಹತ್ತಿರ ಬಂತು. ‘ಈ ಕಸ ಎಲ್ಲ ತೆಗೆಸಿ ಇಲ್ಲೊಂದು ಕಾಡು ಮಾಡೋಣ’ ಅಂತ ಅಸೆಂಬ್ಲಿಯಲ್ಲಿ ಮೈಕ್ ಹಿಡಿದು ಹೇಳಿದವಳು ನಾನೇ. ಜೆಸಿಬಿ ಬಂತು, ಬೆಳಗಿನ ಬ್ರೇಕ್ ಹೊತ್ತಿಗೆ ನೆಲ ಬೋಳು. ಅರವತ್ತು ಸಸಿ ನೆಟ್ಟೆವು. ಗುಲ್‌ಮೊಹರ್ ಮತ್ತು ಸಿಲ್ವರ್ ಓಕ್. ಒಂದರ ಊರು ಮಡಗಾಸ್ಕರ್, ಇನ್ನೊಂದರದ್ದು ಆಸ್ಟ್ರೇಲಿಯಾ. ನರ್ಸರಿಯವರು ಕೊಟ್ಟರು, ನಾನು ಕೇಳಲಿಲ್ಲ. ಫೋಟೋ ಮಾತ್ರ ಚೆನ್ನಾಗಿ ಬಂತು.

ಮರುದಿನ ಆರನೇ ಕ್ಲಾಸಿನ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ಬಂದಳು. ‘ಮಿಸ್, ನನ್ನ ಹುಳ ಎಲ್ಲಿ?’ ಎಕ್ಕದೆಲೆಯ ಮೇಲಿನ ಪಟ್ಟೆ ಪಟ್ಟೆ ಹುಳವನ್ನು ಅವಳು ದಿನಾ ಹೋಗಿ ನೋಡಿ ಚಿತ್ರ ಬರೆಯುತ್ತಿದ್ದಳಂತೆ. ಪ್ಲೇನ್ ಟೈಗರ್ ಚಿಟ್ಟೆಯ ಮರಿ ಅದು. ಎಕ್ಕದ ಹಾಲು ವಿಷ, ದನ ಕೂಡ ಬಾಯಿ ಹಾಕುವುದು ಕಡಿಮೆ. ಈ ಹುಳ ಅದನ್ನೇ ತಿಂದು ಬೆಳೆಯುತ್ತದೆ. ಆ ವಿಷ ಮೈಗೆ ಸೇರಿಕೊಂಡು ಚಿಟ್ಟೆಯಾದ ಮೇಲೂ ಹಕ್ಕಿಗಳಿಂದ ಕಾಯುತ್ತದೆ. ಎಕ್ಕದ ಹೂವಿಗೆ ದೊಡ್ಡ ಕಪ್ಪು ದುಂಬಿ ಬರುತ್ತದೆ. ಹುತ್ತದ ಗೆದ್ದಲು ಒಣ ಕಡ್ಡಿ, ಎಲೆ ತಿಂದು ಮಣ್ಣಿಗೆ ಸೇರಿಸುತ್ತದೆ. ನಾನು ಬೋರ್ಡ್ ಮೇಲೆ ಬಾಣದ ಗುರುತು ಹಾಕಿ ಕಲಿಸುತ್ತಿದ್ದದ್ದೆಲ್ಲ ಅಲ್ಲಿ ಜೀವಂತ ಇತ್ತು.

ಸಸಿಗಳ ಕಥೆ ಬಿಡಿ. ದಸರಾ ರಜೆಯಲ್ಲಿ ನೀರಿಲ್ಲದೆ ಮುಕ್ಕಾಲು ಪಾಲು ಒಣಗಿದವು. ಅದು ದೊಡ್ಡ ತಪ್ಪಲ್ಲ. ಜೆಸಿಬಿ ತರಿಸಿದ್ದೂ ಅಲ್ಲ. ನನ್ನ ತಪ್ಪು ಆ ‘ಕಸ’ ಅನ್ನುವ ಮಾತು. ಹೇಗೆ ಅಂತೀರಾ? ಮುಂದಿನ ವಾರ ಇಬ್ಬರು ಹುಡುಗರು ಫುಟ್‌ಪಾತ್ ಪಕ್ಕದ ಎಕ್ಕದ ಗಿಡವನ್ನು ಬೇರು ಸಮೇತ ಕಿತ್ತು ತಂದರು. ಕೈಯೆಲ್ಲ ಹಾಲು. ‘ಕಸ ತೆಗೆದ್ವಿ ಮಿಸ್!’ ಶಭಾಷ್ ಅನ್ನಲಿ ಅಂತ ಕಾಯುತ್ತಾ ನಿಂತಿದ್ದರು. ಲಂಟಾನವನ್ನು ಕಳೆ ಅಂದರೆ ಸರಿ. ಅಮೆರಿಕದ ಕಡೆಯಿಂದ ಬಂದು ನಮ್ಮ ಕಾಡುಗಳನ್ನು ಮುಚ್ಚಿಕೊಂಡಿದೆ. ಆದರೆ ಎಕ್ಕ ಯಾವುದು, ಲಂಟಾನ ಯಾವುದು ಅಂತ ನಾನೇ ಬಿಡಿಸಿ ನೋಡಿರಲಿಲ್ಲ. ಹತ್ತು ನಿಮಿಷ ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರೆ ಸಾಕಿತ್ತು. ಆ ಹುಡುಗಿ ಮತ್ತೆ ನನಗೆ ನೋಟ್‌ಬುಕ್ ತೋರಿಸಲಿಲ್ಲ.

ಬೆಂಗಳೂರಿನ ಸುತ್ತಲಿನ ಕಾಡು ಮಲೆನಾಡಿನ ಹಾಗೆ ಇರುವುದಿಲ್ಲ. ಬಂಡೆ, ಹುಲ್ಲು, ಕುರುಚಲು, ಬೇಸಿಗೆಗೆ ಎಲೆ ಉದುರಿಸುವ ಮರ. ಅದಕ್ಕೇ ಅದು ನಮ್ಮ ಕಣ್ಣಿಗೆ ಖಾಲಿ ಜಾಗದ ಹಾಗೆ ಕಾಣುತ್ತದೆ. 2021ರಲ್ಲಿ ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ ಜನ ಪ್ರತಿಭಟನೆ ಮಾಡಿದರಲ್ಲ, ಆ ಸುದ್ದಿ ಓದುವಾಗ ನನಗೆ ನನ್ನ ಮೈಕೇ ನೆನಪಾಯಿತು.

ಇನ್ನು ಬನ್ನೇರುಘಟ್ಟ. ಪಿಕ್ನಿಕ್ ಅಂತ ಹೋಗಿ, ಪಾಠ ಅಂತ ಬೇಡ. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು ಬೇರೆ, ಸಫಾರಿ ಬಸ್ಸು ಸುತ್ತುವ ಬೇಲಿಯೊಳಗಿನ ಜಾಗ ಬೇರೆ. ನಾನೂ ಕರೆದುಕೊಂಡು ಹೋಗಿದ್ದೆ. ಬಂದ ಮೇಲೆ ಆಹಾರ ಸರಪಳಿ ಬರೆಯಿರಿ ಅಂದರೆ ಎಲ್ಲರೂ ಹುಲ್ಲು, ಜಿಂಕೆ, ಸಿಂಹ! ನಮ್ಮ ದೇಶದ ಕಾಡಿನಲ್ಲಿ ಸಿಂಹ ಇರುವುದು ಗುಜರಾತಿನ ಗಿರ್ ಕಡೆ ಮಾತ್ರ. ಪಾಪ, ಮಕ್ಕಳು ಕಂಡದ್ದನ್ನು ಬರೆದರು.

ಹಾಗಾಗಿ ನಿಮ್ಮ ಎರಡು ದಾರಿಯೂ ನನಗೆ ಒಪ್ಪಿಗೆ ಇಲ್ಲ. ಶಾಲೆ ಹತ್ತಿರ ಒಂದು ಹೊಂಗೆ ಮರ ಇದ್ದೇ ಇರುತ್ತದೆ, ಅಲ್ವಾ? ಅದರ ಕೆಳಗೆ ದಾರ ಕಟ್ಟಿ ಒಂದು ಮೀಟರ್ ಚೌಕ ಮಾಡಿ. ವಾರಕ್ಕೊಂದು ಪೀರಿಯಡ್, ವರ್ಷವಿಡೀ, ಅಲ್ಲೇ ಕೂರಿಸಿ. ಎಲೆ ಮೇಲಿನ ಗಂಟು ಯಾಕೆ ಅಂತ ಅವರೇ ಕೇಳುತ್ತಾರೆ. ಕಣ್ಣಿಗೆ ಕಾಣದ ನುಸಿ ಮಾಡಿದ್ದು ಅದು. ಎಲೆ ಉದುರುವುದು, ಚಿಗುರುವುದು, ಹೂವಿಗೆ ಜೇನು ಮುತ್ತುವುದು ಎಲ್ಲ ನೋಡಲಿ. ಹಿಂದಿನ ಜಾಗವನ್ನು ಸುಮ್ನೆ ಬಿಡಿ. ಪ್ರಿನ್ಸಿಪಾಲರಿಗೆ ಫೋಟೋ ಬೇಕೇ ಬೇಕು ಅಂದರೆ ಒಂದೇ ಒಂದು ಗಿಡ ನೆಡಿ, ಅದೂ ರಜೆಯಲ್ಲಿ ನೀರು ಹಾಕುವವರು ಯಾರು ಅಂತ ಮೊದಲು ಕೇಳಿಕೊಂಡು.

ಹಾಂ, ಆಯಮ್ಮನಿಗೆ ಇವತ್ತೇ ಹೇಳಿಡಿ. ಇಲ್ಲಾಂದ್ರೆ ಸೋಮವಾರ ಬೆಳಗ್ಗೆ ನೀವು ಬರುವಷ್ಟರಲ್ಲಿ ಆ ಚೌಕದ ಎಲೆಯೆಲ್ಲ ಗುಡಿಸಿ ಬೆಂಕಿ ಹಾಕಿ ಆಗಿರುತ್ತದೆ.